ಯಮನೂರನ ಸೀಸೆ

ಹೊಳೆಯ ದಂಡೆಯ ಮೇಲೊಂದು ಆಶ್ರಮ. ಅಲ್ಲಿ ಬೀರು ಮಾಡುತ್ತಿದ್ದರು.

ಆಶ್ರಮದಲ್ಲಿ ಬೀರೇ ಎಂದು ಮೂಗು ಮುರಿಯುವವರು ಮುರಿದುಕೊಳ್ಳಲಿ. ಆ ಹೊಳೆಯ ನೀರು ಕುಡಿದು ಚಾಪೆ ಹಿಡಿದು ಎದ್ದವರು ಮಾತ್ರ ಹಾಗೆ ಮಾಡುವುದಿಲ್ಲ.

ಮೇಲಿನ ಊರುಗಳೆಲ್ಲ ತಮ್ಮ ಕೊಳೆಯನ್ನು ಆ ಹೊಳೆಗೇ ಬಿಡುತ್ತಿದ್ದವು. ಬೇಸಿಗೆಯಲ್ಲಿ ಹರಿವು ಸಣ್ಣದಾಯಿತೆಂದರೆ ಕೆಳಗಿನ ಅಂಬಿಗರ ಓಣಿಯಲ್ಲಿ ವಾಂತಿಭೇದಿ ಶುರುವಾಗುತ್ತಿತ್ತು. ನೀರು ಕುದಿಸಿ ಕುಡಿಯಿರಿ ಎಂದು ಹೇಳಿಹೋಗುವುದು ಸುಲಭ. ದಿನವಿಡೀ ದೋಣಿಯ ಮೇಲಿರುವವರು ಬೆಳಿಗ್ಗೆ ಕುದಿಸಿ ಒಯ್ದ ನೀರಿಗೆ ಮಧ್ಯಾಹ್ನದೊಳಗೆ ಎಷ್ಟೋ ಕೈ ಬಿದ್ದಿರುತ್ತದೆ. ಸಂಜೆಗೆ ಅದೂ ಹೊಳೆಯ ನೀರೇ.

ಅದಕ್ಕೇ ಹಿಂದಿನ ಯಾವುದೋ ಕಾಲದ ಗುರುವೊಬ್ಬ ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಕುದಿಸಿ, ಹುದುಗಿಸಿ ತೆಳ್ಳನೆಯ ಬೀರು ಮಾಡಿದ. ಸೀಸೆಗೆ ತುಂಬಿ ಬಿರಡೆ ಬಿಗಿದು ಓಣಿಗೆ ಹಂಚಿದ. ತಲೆಗೇರುವಂಥದ್ದಲ್ಲ, ಹೊಟ್ಟೆ ಕಾಯುವಂಥದ್ದು. ಅಂದಿನಿಂದ ಓಣಿಯ ಜನ ದೋಣಿ ಹತ್ತುವಾಗ ಹುಟ್ಟಿನ ಜೊತೆ ಒಂದು ಸೀಸೆಯನ್ನೂ ಹಿಡಿದೇ ಹತ್ತುತ್ತಿದ್ದರು.

ಪ್ರತಿ ಸೀಸೆಯ ತಳದಲ್ಲಿ ಒಂದು ಬೆರಳಿನಷ್ಟು ಗಸಿ ನಿಲ್ಲಬೇಕು ಎಂಬುದು ಆಶ್ರಮದ ಕಟ್ಟಳೆ. ನೋಡುವವರಿಗೆ ಅದು ಕೆಸರು. ನಿಜವಾಗಿ ಅದು ಬೀರನ್ನು ಹುದುಗಿಸಿದ ಹೆಪ್ಪು. ಕೆಲಸ ಮುಗಿಸಿ ತಳಕ್ಕಿಳಿದು ಮಲಗಿರುತ್ತದೆ. ಪೇಟೆಯವರು ಯೀಸ್ಟ್ ಎನ್ನುವುದು ಇದನ್ನೇ. ಗೊತ್ತಿದ್ದವರು ಎಬ್ಬಿಸಿದರೆ ಮತ್ತೆ ಏಳುತ್ತದೆ.

ಇನ್ನೊಂದು ಪದ್ಧತಿಯೂ ಇತ್ತು. ಓಣಿಯಲ್ಲಿ ಮಗು ಹುಟ್ಟಿದರೆ ಅಂದು ತುಂಬಿದ ಒಂದು ಸೀಸೆಯನ್ನು ಗುರುವೇ ಆ ಮನೆಗೆ ಕೊಡಬೇಕು. ಮನೆಯವರು ಅದನ್ನು ಕತ್ತಲ ಮೂಲೆಯಲ್ಲಿ, ಉಸುಕು ತುಂಬಿದ ಗಡಿಗೆಯಲ್ಲಿ ನಿಲ್ಲಿಸಿಡಬೇಕು. ಮಗುವಿನ ಮದುವೆಯ ದಿನ ತಾಯಿ ಬಿರಡೆ ತೆಗೆಯುತ್ತಾಳೆ. ಮೇಲಿನ ತಿಳಿಯನ್ನು ಮದುಮಕ್ಕಳು ಕುಡಿಯುತ್ತಾರೆ. ತಳದ ಗಸಿ ಆಶ್ರಮಕ್ಕೆ ವಾಪಸು ಬರುತ್ತದೆ.

ಯಾಕೆ ವಾಪಸು ಬರುತ್ತದೆ ಎಂದು ಯಾರೂ ಕೇಳಿರಲಿಲ್ಲ. ಪದ್ಧತಿ ಎಂದರೆ ಹಾಗೆಯೇ. ಕೇಳಬೇಕಾದ ಹೊತ್ತಿಗೆ ಕೇಳುವುದಿಲ್ಲ.

ಕಥೆಯ ಕಾಲಕ್ಕೆ ಅಲ್ಲಿನ ಗುರು ನಿರ್ವಾಣಪ್ಪ. ಎಲ್ಲರಿಗೂ ಅವರು ಅಜ್ಜಾರು. ಕಣ್ಣು ಮಂಜಾದ ಮೇಲೆ ಅವರು ಬೀರಿನ ಮನೆಯನ್ನು ಶಿಷ್ಯ ಕಲ್ಮೇಶನ ಕೈಗೆ ಒಪ್ಪಿಸಿದ್ದರು. ಓಣಿಯವರು ಅವನನ್ನು ಸಣ್ಣಜ್ಜಾರು ಎಂದು ಕರೆಯತೊಡಗಿದರು. ಕರೆಸಿಕೊಳ್ಳುವುದು ಅವನಿಗೆ ಹಿತವಾಗಿತ್ತು, ಸುಳ್ಳೇಕೆ.

ಕಲ್ಮೇಶ ಕೆಟ್ಟವನಲ್ಲ. ಕೆಲಸಗಳ್ಳನೂ ಅಲ್ಲ. ಅವನಿಗೆ ಗಸಿ ಕಂಡರೆ ನಾಚಿಕೆ, ಅಷ್ಟೆ. ಇಷ್ಟು ಶುದ್ಧವಾದ ಜಾಗದಿಂದ ಇಂಥ ಕೆಸರು ನಿಂತ ಸೀಸೆ ಹೊರಗೆ ಹೋಗುವುದೇ ಎಂದು ಅವನಿಗೆ ಅನಿಸುತ್ತಿತ್ತು.

ಬೀರಿನ ಮನೆ ಕೈಗೆ ಬಂದ ವರ್ಷವೇ ಅವನು ಸೋಸಲು ಶುರುಮಾಡಿದ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿದ. ಸಾಲದೆಂದು ಇದ್ದಿಲು, ಉಸುಕಿನ ಮೇಲೆ ಇಳಿಸಿದ. ಬೀರು ಜೇನಿನ ಬಣ್ಣಕ್ಕೆ ತಿರುಗಿತು. ಸೀಸೆಯ ಆಚೆ ಹಿಡಿದ ಕೈಬೆರಳು ಈಚೆ ಕಾಣುತ್ತಿತ್ತು. ನೊರೆ ಹೋಯಿತು, ನಿಜ. ಆದರೆ ಜನ ಕಣ್ಣಿಗೆ ಮೊದಲು ಸೋಲುತ್ತಾರೆ. ಎಲ್ಲರೂ ಹೊಗಳಿದರು.

ಮೊದಲ ತಿಳಿ ಸೀಸೆಯನ್ನು ಅವನು ಅಜ್ಜಾರ ಕೈಗೆ ಕೊಟ್ಟ. ಅಜ್ಜಾರು ಕುಡಿಯಲಿಲ್ಲ. ಸೀಸೆಯನ್ನು ಕಿವಿಗೆ ಹಿಡಿದು ಸ್ವಲ್ಪ ಹೊತ್ತು ಕೂತರು.

"ಇದರಾಗ ಯಾರೂ ಇಲ್ಲ" ಎಂದರು.

ಕಲ್ಮೇಶ ನಕ್ಕ. ವಯಸ್ಸಾಯಿತು ಎಂದುಕೊಂಡ. ಮದುವೆ ಮನೆಗಳಿಂದ ಗಸಿ ವಾಪಸು ಬಂದಾಗ ಭಕ್ತಿಯಿಂದ ಎರಡೂ ಕೈಯಲ್ಲಿ ಇಸಿದುಕೊಳ್ಳುತ್ತಿದ್ದ. ತಂದವರು ಅತ್ತ ಹೋದ ಮೇಲೆ ಬಚ್ಚಲಿಗೆ ಸುರಿಯುತ್ತಿದ್ದ.

ಹೀಗೆ ಇಪ್ಪತ್ತಕ್ಕೂ ಹೆಚ್ಚು ವರ್ಷಗಳು ಹೋದವು. ಹೆಪ್ಪು ಉಳಿದದ್ದು ಆಶ್ರಮದ ಒಂದೇ ಒಂದು ಮಡಕೆಯಲ್ಲಿ.

ಒಂದು ಬೇಸಿಗೆ ಹೊಳೆ ಹಿಂದೆಂದೂ ಇಲ್ಲದಷ್ಟು ಇಳಿಯಿತು. ಸೀಸೆಗಳು ಸಾಲದೆ ಓಣಿಯವರು ಬಂದು ಬಾಗಿಲಲ್ಲಿ ಕಾಯತೊಡಗಿದರು. ಕಲ್ಮೇಶ ಒಂದರ ಹಿಂದೊಂದು ಹಂಡೆ ಒಲೆಗೇರಿಸಿದ. ಕುದಿಸಿದ ರಾಗಿಯ ಸಿಹಿರಸ ಆರುವುದಕ್ಕೆ ಅರ್ಧ ದಿನ ಬೇಕು. ಅರ್ಧ ದಿನ ಕಾಯುವ ತಾಳ್ಮೆ ಅವನಿಗೂ ಇರಲಿಲ್ಲ, ಬಾಗಿಲಲ್ಲಿ ನಿಂತವರಿಗೂ ಇರಲಿಲ್ಲ. ಬಿಸಿ ರಸವನ್ನೇ ಹೆಪ್ಪಿನ ಮಡಕೆಗೆ ಸುರಿದುಬಿಟ್ಟ.

ಮರುದಿನ ಮಡಕೆಯ ಮೇಲೆ ನೊರೆ ಇರಲಿಲ್ಲ. ಅದರ ಮರುದಿನವೂ ಇರಲಿಲ್ಲ. ಕಿವಿಯಿಟ್ಟು ಕೇಳಿದ. ಮಡಕೆ ಬರೀ ಮಡಕೆಯಾಗಿತ್ತು; ಹೆಪ್ಪು ಬೆಂದು ಸತ್ತಿತ್ತು.

ಆಗ ಅವನು ಮಾಡಬೇಕಾದ್ದು ಒಂದೇ: ಅಜ್ಜಾರ ಬಳಿ ಹೋಗಿ ಹೇಳುವುದು. ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದ. ಪೇಟೆಗೆ ಹೋಗಿ ಬ್ರೆಡ್ಡಿಗೆ ಹಾಕುವ ಪುಡಿ ತಂದು ಬೆರೆಸಿದ. ಕೊಳೆ ಹಿಡಿದಿದ್ದ ಅದೇ ಮಡಕೆಯಲ್ಲಿ ಬೆರೆಸಿದ. ನೊರೆ ಎದ್ದಿತು. ಸದ್ಯ ಬಚಾವಾದೆ ಎಂದು ಸೋಸಿ, ತುಂಬಿ, ಹಂಚಿದ.

ಆ ಬೀರು ಸೀಸೆಯಲ್ಲೇ ಹುಳಿಯಾಯಿತು. ಹುಳಿ ಎಂದರೆ ಬಾಯಿಗಿಡಲಾಗದ ಹುಳಿ. ದೋಣಿಯವರು ಒಂದು ಗುಟುಕು ಕುಡಿದು ಉಗುಳಿದರು. ಬಿಸಿಲಿಗೆ ಗಂಟಲು ಒಣಗಿದವನು ಎಷ್ಟು ಹೊತ್ತು ತಡೆದಾನು? ಕೈಯಿಳಿಬಿಟ್ಟರೆ ಹೊಳೆ.

ವಾರ ತುಂಬುವುದರೊಳಗೆ ಓಣಿಯಲ್ಲಿ ಚಾಪೆಗಳು ಬಿದ್ದವು. ಮೊದಲು ಮುದುಕರು ಹೋದರು. ಆಮೇಲೆ ವಯಸ್ಸು ನೋಡದೆ ಹೋದರು. ಸತ್ಯವ್ವನ ಒಬ್ಬನೇ ಮಗ ಯಮನೂರ, ಬರುವ ತಿಂಗಳು ಮದುವೆಯಾಗಬೇಕಿದ್ದವನು, ಬೆಳಿಗ್ಗೆ ದೋಣಿ ಕಟ್ಟಿ ಬಂದು ಮಲಗಿದವನು ಮರುದಿನ ಬೆಳಿಗ್ಗೆ ಇರಲಿಲ್ಲ.

ಮಣ್ಣಿಗೆ ಹೋದ ಕಲ್ಮೇಶನ ಕಾಲಿಗೆ ಸತ್ಯವ್ವ ಬಿದ್ದಳು. ಸಣ್ಣಜ್ಜಾರೇ ಬಂದು ಮಗನಿಗೆ ಹಿಡಿ ಮಣ್ಣು ಹಾಕಿದರಲ್ಲ, ಅವನ ಪುಣ್ಯ ಎಂದಳು. ಕಲ್ಮೇಶ ಕಾಲು ಹಿಂದಕ್ಕೆಳೆದುಕೊಳ್ಳಲೂ ಆಗದೆ ನಿಂತಿದ್ದ.

ಅಲ್ಲಿಂದ ನೇರವಾಗಿ ಅಜ್ಜಾರ ಬಳಿ ಬಂದು ಎಲ್ಲವನ್ನೂ ಹೇಳಿದ. ಸೋಸಿದ್ದು, ಬಚ್ಚಲಿಗೆ ಸುರಿದದ್ದು, ಬಿಸಿ ರಸ, ಪೇಟೆಯ ಪುಡಿ. ಅಜ್ಜಾರು ಬಯ್ದಿದ್ದರೆ ಅವನಿಗೆ ಅರ್ಧ ಹಗುರವಾಗುತ್ತಿತ್ತೋ ಏನೋ. ಬಯ್ಯಲಿಲ್ಲ.

"ಗಸಿ ಇರೋ ಸೀಸಿ ಹುಡುಕು" ಎಂದರು.

ಸತ್ಯವ್ವನ ಬಾಗಿಲೊಂದನ್ನು ಬಿಟ್ಟು ಅವನು ಓಣಿಯ ಮನೆಮನೆಗೂ ಹೋದ. ಮಕ್ಕಳಿಗೆ ಕೊಟ್ಟಿದ್ದ ಸೀಸೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದ. ಎಲ್ಲವೂ ಅವನೇ ತುಂಬಿದವು. ಎಲ್ಲವೂ ಗಾಜಿನಂತೆ ತಿಳಿ. ಆದರೂ ಆಸೆ ಬಿಡದೆ ಕೆಲವನ್ನು ತಂದು, ಬಿರಡೆ ತೆಗೆದು, ಸಿಹಿರಸ ಸುರಿದು ಕಾದ. ಒಂದು ಗುಳ್ಳೆಯೂ ಏಳಲಿಲ್ಲ. ಅಜ್ಜಾರು ತುಂಬಿದ ಕಾಲದ ಸೀಸೆಗಳು ಮದುವೆಗಳಲ್ಲಿ ಖಾಲಿಯಾಗಿದ್ದವು; ಅವುಗಳ ಗಸಿ ಎಲ್ಲಿಗೆ ಹೋಗಿತ್ತೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

ಒಂದೂ ಉಳಿದಿಲ್ಲ ಎಂದು ಬಂದು ಹೇಳಿದ.

"ಒಂದು ಉಳದೈತಿ" ಎಂದರು ಅಜ್ಜಾರು. "ನನ್ನ ಕೈಲೆ ಕೊಟ್ಟ ಕಡೀ ಸೀಸಿ. ಅದರ ಹುಡುಗಗ ಮದುವಿ ಆಗಲಿಲ್ಲ."

ಕಲ್ಮೇಶನಿಗೆ ಯಾರ ಸೀಸೆ ಎಂದು ಗೊತ್ತಾಯಿತು. ಬೇರೆ ಯಾರನ್ನಾದರೂ ಕಳಿಸೋಣ ಎಂದು ಬೇಡಿಕೊಂಡ. ಅಜ್ಜಾರೇ ಒಂದು ಮಾತು ಹೇಳಿಕಳಿಸಿದರೆ ಅವಳು ತಾನಾಗಿ ತಂದುಕೊಡುತ್ತಾಳೆ ಎಂದೂ ಹೇಳಿದ. ಅಜ್ಜಾರು ಮುಖ ಗೋಡೆಯ ಕಡೆ ಮಾಡಿ ಮಲಗಿದರು.

ಅವನು ಹೋದ. ಸತ್ಯವ್ವನ ಹೊಸ್ತಿಲಲ್ಲಿ ನಿಂತಾಗ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಎಲ್ಲೋ ಹೋಯಿತು. ಓಣಿಯ ಕಷ್ಟ ಕಳೆಯಲೆಂದು ಅಜ್ಜಾರು ಪೂಜೆಗೆ ಕೂರುತ್ತಾರೆ, ಅದಕ್ಕೆ ಯಮನೂರನ ಸೀಸೆ ಬೇಕಂತೆ ಎಂದುಬಿಟ್ಟ.

ಸತ್ಯವ್ವ ಉಸುಕಿನ ಗಡಿಗೆಯಿಂದ ಸೀಸೆ ಎತ್ತಿ, ಸೆರಗಿನಿಂದ ಒರೆಸಿ, ಅವನ ಕೈಗಿಟ್ಟಳು. "ಅವನ ಬಾಯಿಗಂತೂ ಬರಲಿಲ್ಲರಿ. ಅಜ್ಜಾರ ಪಾದಕ್ಕಾದ್ರೂ ಸೇರ್ಲಿ" ಎಂದಳು.

ಅವನು ಸೀಸೆಯನ್ನು ಎದೆಗವುಚಿಕೊಂಡು ಓಡಿದ. ದಂಡೆಯ ಕಲ್ಲುಗಳ ಮೇಲೆ ಎಡವುತ್ತ ಓಡಿದ. ಆಶ್ರಮಕ್ಕೆ ಬಂದು ಏದುಸಿರು ಬಿಡುತ್ತ ಅಜ್ಜಾರ ಕೈಗಿಟ್ಟ.

ಅಜ್ಜಾರು ಅದನ್ನು ಕಿವಿಗೆ ಹಿಡಿದರು. ಬಹಳ ಹೊತ್ತು ಹಿಡಿದಿದ್ದರು.

"ಇದರಾಗ ಅದಾರ" ಎಂದರು. "ಏನ್ ಹೇಳಿ ತಂದಿ?"

ಕಲ್ಮೇಶ ಹೇಳಿದ.

ಅಜ್ಜಾರು ಸೀಸೆಯನ್ನು ಅವನ ಕಡೆ ಚಾಚಿದರು. "ಒಯ್ದು ಇದ್ದಲ್ಲೇ ಇಡು."

ಕಲ್ಮೇಶನಿಗೆ ಜೀವಮಾನದಲ್ಲಿ ಮೊದಲ ಸಲ ಗುರುವಿನ ಮೇಲೆ ಸಿಟ್ಟು ಬಂತು. "ಅಲ್ಲೆ ಮಂದಿ ಸಾಯಾಕತ್ತಾರ್ರಿ, ಅಜ್ಜಾರ. ನಾ ಖರೇ ಹೇಳಿದ್ನೋ ಸುಳ್ಳ ಹೇಳಿದ್ನೋ, ಈಗ ಅದ ದೊಡ್ಡದಾತೇನ್ರಿ?"

"ನಿನ್ನ ಸುಳ್ಳಿನ ಮಾತು ಆಮ್ಯಾಲ. ನೀ ಓಡಿ ಬಂದಿ. ಗಸಿ ಎಲ್ಲಾ ಮ್ಯಾಲೆದ್ದು ತಿರಗಾಕತ್ತೈತಿ. ಈಗ ಬಿರಡಿ ತೆಗದ್ರ ನೊರಿ ಕೂಡ ಹೊರಗ ಹೋಗತೈತಿ, ನಿನ್ನ ಕೈಯಾಗ ಖಾಲಿ ಸೀಸಿ ಉಳೀತೈತಿ. ಅದು ಎಲ್ಲಿ ನಿಂತಿತ್ತು ಅಲ್ಲೇ ನಿಂತು ಇಳೀಬೇಕು. ಆ ಮನಿ ಕೈಲೇ ಬಿರಡಿ ತೆಗೀಬೇಕು."

"ಎಷ್ಟೊತ್ತು ಬೇಕ್ರಿ?"

"ತಿಳಿ ಆಗೋ ತನಕ. ಅಲ್ಲೀತನಕ ಅದರ ಮುಂದ ಕೂಡು. ನೀನೂ ಅಲ್ಲಾಡಬ್ಯಾಡ."

ಈ ಸಲ ಕಲ್ಮೇಶ ಸೀಸೆಯನ್ನು ಹಸುಗೂಸಿನಂತೆ ಹಿಡಿದು ನಡೆದ. ಮೆಲ್ಲಗೆ ನಡೆಯುವವನಿಗೆ ದಾರಿ ಉದ್ದವಾಗುತ್ತದೆ, ಓಣಿಯ ಪ್ರತಿ ಬಾಗಿಲೂ ಕಾಣುತ್ತದೆ. ಒಂದು ಬಾಗಿಲಲ್ಲಿ ಮಗುವಿನ ಬಟ್ಟೆ ಒಣಹಾಕಿದ್ದರು. ಅದನ್ನು ತೊಡುವ ಮಗು ಒಳಗೆ ನರಳುತ್ತಿತ್ತು. ಇನ್ನೊಂದರಲ್ಲಿ ಯಾರೂ ಇರಲಿಲ್ಲ.

ಸತ್ಯವ್ವನಿಗೆ ಅವನು ಅಷ್ಟೇ ಹೇಳಿದ: ಇದು ತಿಳಿಯಾಗುವ ತನಕ ಇಲ್ಲಿ ಕೂರಬೇಕೆಂದು ಅಜ್ಜಾರು ಹೇಳಿದ್ದಾರೆ. ಅವಳು ಸೀಸೆಯನ್ನು ಉಸುಕಿನ ಗಡಿಗೆಯಲ್ಲಿ ನಿಲ್ಲಿಸಿ ಅವನಿಗೊಂದು ಕಂಬಳಿ ಹಾಸಿದಳು.

ಅವನು ಕೂತ. ಸೀಸೆಯೊಳಗೆ ಕೆಸರು ಸುತ್ತುತ್ತಿತ್ತು.

ಅವಳು ರೊಟ್ಟಿ ಬಡಿದು ಮುಂದಿಟ್ಟಳು. ಅವನಿಗೆ ತುತ್ತು ಇಳಿಯಲಿಲ್ಲ. ಮಗನ ಸಲುವಾಗಿ ಉಪವಾಸ ಹಿಡಿದಿದ್ದಾರೆ ಎಂದು ಅವಳು ತಿಳಿದಳು. ಬಾಗಿಲಿಗೆ ಬಂದವರಿಗೂ ಹಾಗೆಯೇ ಹೇಳಿದಳು. ಅವರು ಅವನಿಗೆ ಕೈಮುಗಿದು ಹೋದರು.

ಮಗನ ಬಗ್ಗೆ ಅವಳು ಮಾತಾಡಿದಳು. ಯಾರಿಗಾದರೂ ಹೇಳಬೇಕಿತ್ತು ಅವಳಿಗೆ. ಸಣ್ಣವನಿದ್ದಾಗ ಯಮನೂರ ಈ ಮೂಲೆಗೆ ಬಂದು, ಗಡಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ನಾನು ಯಾವಾಗ ಕುಡಿಯುವುದು ಎಂದು ಕೇಳುತ್ತಿದ್ದನಂತೆ. ಮೀಸೆ ಬರಲಿ ಎಂದರೆ ಇದ್ದಿಲಿನಿಂದ ಮೀಸೆ ಬರೆದುಕೊಂಡು ಬಂದು ನಿಂತಿದ್ದನಂತೆ. ಹೇಳುತ್ತ ಅವಳು ನಕ್ಕಳು. ನಕ್ಕದ್ದಕ್ಕೆ ತಾನೇ ಗಾಬರಿಯಾಗಿ ಬಾಯಿಗೆ ಸೆರಗು ಹಿಡಿದಳು.

ಸೀಸೆಯ ಮೇಲಿನ ಕಾಲು ಭಾಗ ತಿಳಿಯಾಗಿತ್ತು. ಕಲ್ಮೇಶ ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಎಂದುಕೊಳ್ಳುತ್ತ ಕೂತಿದ್ದ. ಗಸಿ ಅರ್ಧಕ್ಕಿಳಿಯಿತು. ಹೇಳಲಿಲ್ಲ. ಇಡೀ ಸೀಸೆ ತಿಳಿಯಾಗಿ, ತಳದಲ್ಲಿ ಬೆರಳಿನಷ್ಟು ಕಂದು ಗಸಿ ಕೂತಿತು. ಹೇಳದೆಯೇ ಎದ್ದುಹೋಗಬಹುದು ಎಂಬ ಯೋಚನೆಯೂ ಅವನಿಗೆ ಬಂತು. ಬಿರಡೆ ತೆಗಿ ಎಂದರೆ ತೆಗೆಯುತ್ತಾಳೆ. ಕೊಡು ಎಂದರೆ ಕೊಡುತ್ತಾಳೆ. ಕೈಯನ್ನೂ ಮುಗಿಯುತ್ತಾಳೆ.

ಅಷ್ಟರಲ್ಲಿ ಸತ್ಯವ್ವ ತಾನಾಗಿ ಒಂದು ಮಾತು ಕೇಳಿದಳು. ಬಹಳ ಹೊತ್ತಿನಿಂದ ಅದನ್ನು ಒಳಗಿಟ್ಟುಕೊಂಡಿದ್ದಳೆಂದು ಕಾಣುತ್ತದೆ.

"ಸಣ್ಣಜ್ಜಾರ, ನನ್ನ ಮಗ ಒಂದು ತಪ್ಪ ಮಾಡ್ಯಾನ್ರಿ. ಅವತ್ತ ನೀವು ಕೊಟ್ಟ ಸೀಸಿ ಹುಳಿ ಐತಿ ಅಂತ ದೋಣ್ಯಾಗಿಂದ ಹೊಳಿಗೆ ಚೆಲ್ಲಿದ್ನಂತ. ಆಶ್ರಮದ ಪ್ರಸಾದ ಅದು, ಚೆಲ್ಲಬಾರದಿತ್ತು. ಅದಕ್ಕ ಹೊಳಿ ಅವನ್ನ ತಗೊಂತು. ಅಲ್ಲೆ ಮ್ಯಾಲಾದ್ರೂ ಅವನಿಗೆ ಕ್ಷಮಾ ಸಿಗತೈತೇನ್ರಿ?"

ಕಲ್ಮೇಶ ಮಾಡಿದ ಪಾಪ ಸತ್ತವನ ತಲೆಗೆ ಸುತ್ತಿಕೊಂಡು ಕೂತಿತ್ತು. ಹೆತ್ತವಳ ಕೈಯಿಂದಲೇ ಸುತ್ತಿಸಿಕೊಂಡಿತ್ತು. ಇಂಥದ್ದನ್ನು ನೋಡಿಯೂ ಸುಮ್ಮನಿರುವಷ್ಟು ಕೆಟ್ಟವನು ಅವನಾಗಿರಲಿಲ್ಲ.

"ಅವ್ವಾ, ಅವಂದೇನೂ ತಪ್ಪಿಲ್ಲ" ಎಂದ. "ತಪ್ಪು ನಂದು."

ಹೇಳಿದ. ಏನನ್ನೂ ಬಿಡದೆ ಹೇಳಿದ. ಪೂಜೆಯ ಸುಳ್ಳನ್ನೂ ಹೇಳಿದ. ಯಮನೂರ ಹೊಳೆಗೆ ಚೆಲ್ಲಿದ್ದು ಪ್ರಸಾದವಲ್ಲ, ತನ್ನ ಕಳ್ಳತನ ಎಂದ.

ಸತ್ಯವ್ವ ಕೇಳುತ್ತ ಗಡಿಗೆಯ ಅಂಚನ್ನು ಹಿಡಿದುಕೊಂಡಳು. ಸೀಸೆಯನ್ನು ಎತ್ತಿಕೊಂಡಳು. ಗೋಡೆಗೆ ಅಪ್ಪಳಿಸುತ್ತಾಳೆ ಎಂದು ಕಲ್ಮೇಶನಿಗೆ ಅನಿಸಿತು. ಅಪ್ಪಳಿಸಿದರೆ ತಡೆಯುವ ಹಕ್ಕು ತನಗಿಲ್ಲ ಎಂದೂ ಅನಿಸಿತು. ಪಕ್ಕದ ಮನೆಯಲ್ಲಿ ಯಾರೋ ನೀರು ನೀರು ಎಂದು ಕನವರಿಸುತ್ತಿದ್ದರು. ಆ ದನಿ ಇಬ್ಬರಿಗೂ ಕೇಳುತ್ತಿತ್ತು.

ಗಸಿ ಸ್ವಲ್ಪ ಅಲುಗಿತು. ಅದನ್ನು ನೋಡಿ ಅವಳು ಕೈಯನ್ನು ಬಿಗಿ ಹಿಡಿದಳು.

ಬಿರಡೆ ತೆಗೆದಳು. ಎರಡು ಬಟ್ಟಲು ತಂದಳು. ತಿಳಿಯನ್ನು ಮೆಲ್ಲಗೆ, ಒಂದೇ ಧಾರೆಯಲ್ಲಿ ಬಗ್ಗಿಸಿದಳು. ಗಸಿ ಸೀಸೆಯ ಕುತ್ತಿಗೆಗೆ ಬರುವ ಮೊದಲು ನಿಲ್ಲಿಸಿದಳು. ಒಂದು ಬಟ್ಟಲನ್ನು ಮೊಳೆಗೆ ತೂಗುಹಾಕಿದ್ದ ಮಗನ ಅಂಗಿಯ ಕೆಳಗೆ ಇಟ್ಟಳು. ಇನ್ನೊಂದನ್ನು ಕಲ್ಮೇಶನ ಮುಂದೆ ತಳ್ಳಿದಳು.

"ಕುಡಿ" ಎಂದಳು. ಅಲ್ಲಿಯತನಕ ರೀ ಬಿಟ್ಟು ಮಾತಾಡದವಳು.

ಅವನು ತಲೆಯಲ್ಲಾಡಿಸಿದ.

"ಅವ ಕುಡೀಬೇಕಾದ್ದು. ನೀ ಕುಡಿ. ಏನ್ ತಪ್ಪಿಸಿದಿ ಅವನಿಗೆ, ಗೊತ್ತಾಗ್ಲಿ."

ಅವನು ಕುಡಿದ. ಅದು ಹಳೆಯದಾಗಿತ್ತು, ಗಟ್ಟಿಯಾಗಿತ್ತು, ಹುರಿದ ರಾಗಿಯ ವಾಸನೆ ಇನ್ನೂ ಉಳಿದಿತ್ತು. ನಾಲಗೆಯ ತುದಿಯಲ್ಲಿ ಸಣ್ಣಗೆ ಚುರುಗುಟ್ಟಿತು. ಅಷ್ಟು ಒಳ್ಳೆಯ ಬೀರನ್ನು ಅವನು ತನ್ನ ಕೈಯಾರೆ ಒಮ್ಮೆಯೂ ಮಾಡಿರಲಿಲ್ಲ. ಕೊನೆಯ ಗುಟುಕಿನ ತನಕ ಅವಳು ಅವನ ಮುಖವನ್ನೇ ನೋಡುತ್ತಿದ್ದಳು.

ಆಮೇಲೆ ದೀಪ ಹಚ್ಚಿ, ಪದ್ಧತಿಯಂತೆ ಸೀಸೆಯ ಬಾಯಿಯನ್ನು ಉರಿಗೆ ಹಿಡಿದು ಸುತ್ತಲೂ ಕಾಯಿಸಿ, ಬಿರಡೆ ಹಾಕಿ ಕೊಟ್ಟಳು.

"ತಳದ್ದು ತಗೊಂಡು ಹೋಗು. ಮತ್ತ ಈ ಹೊಸ್ತಿಲಾ ತುಳೀಬ್ಯಾಡ."

ಕಲ್ಮೇಶ ಆಶ್ರಮಕ್ಕೆ ಬಂದಾಗ ಅಜ್ಜಾರು ಚಾಪೆಯ ಮೇಲಿದ್ದರು. ಕಣ್ಣು ಗುಳಿಬಿದ್ದಿದ್ದವು, ತುಟಿ ಒಣಗಿತ್ತು. ತಲೆಯ ಬಳಿ ಒಂದು ತಂಬಿಗೆ. ಅದರಲ್ಲಿ ನೀರು, ನೀರಿನಲ್ಲಿ ಹೊಳೆಯ ಪಾಚಿಯ ಎಳೆ.

ಆಶ್ರಮದಲ್ಲಿ ಕುದಿಸಿದ ನೀರಿಗೆ ಬರವಿರಲಿಲ್ಲ. ಕಲ್ಮೇಶ ತಂಬಿಗೆಯನ್ನು ಕಿತ್ತು ಹೊರಗೆ ಚೆಲ್ಲಿ, ಇದೇನು ಮಾಡಿದಿರಿ ಎಂದು ಕೂಗಾಡಿದ.

"ಅವರು ಕುಡಿಯೋದ ನಾನೂ ಕುಡದೆ" ಎಂದರು ಅಜ್ಜಾರು. "ನೀ ಸೋಸೋದು ನನಗ ಗೊತ್ತಿತ್ತು. ಒಂದ ಸಲ ಹೇಳಿ ಸುಮ್ಮನಾದೆ. ಇಷ್ಟು ವರ್ಷ ಸುಮ್ಮನಾದೆ. ಅದು ನನ್ನ ಪಾಲು." ಮುಖ ಅವನ ಕಡೆ ತಿರುಗಿಸಿ ಕೇಳಿದರು, "ಖರೇ ಹೇಳಿದಿ?"

"ಹೇಳಿದ್ನಿರಿ. ಮತ್ತ ಹೊಸ್ತಿಲಾ ತುಳೀಬ್ಯಾಡ ಅಂದಳ್ರಿ."

"ಹಂಗಾರ ರಸ ಕಾಸು. ತೆಳ್ಳಗ."

ಕಲ್ಮೇಶ ರಸ ಕುದಿಸಿದ. ನೀರಿನಷ್ಟೇ ತೆಳ್ಳಗೆ ಮಾಡಿದ. ಆರುವ ತನಕ ಕಾದ. ಮುಂಗೈ ಮೇಲೆ ಒಂದು ಹನಿ ಬಿಟ್ಟುಕೊಂಡು, ಬಿಸಿಯೂ ತಂಪೂ ಗೊತ್ತಾಗದಂತಾದ ಮೇಲೆ ಸೀಸೆ ಎತ್ತಿಕೊಂಡ. ತುಂಬ ಸುರಿಯಲು ಹೋದವನನ್ನು ಅಜ್ಜಾರು ತಡೆದರು. ಕಾಣದಿದ್ದರೂ ಅವರಿಗೆ ಅವನ ಕೈ ಗೊತ್ತಿತ್ತು.

"ಒಂದ ಚಮಚ. ಸಾಯೋರ ಬಾಯಿಗೆ ಹೋಳಿಗಿ ತುರುಕಬ್ಯಾಡ."

ಒಂದು ಚಮಚ ಹಾಕಿ, ಮೆಲ್ಲಗೆ ತಿರುಗಿಸಿ, ಬಾಯಿಗೆ ಒಗೆದ ಬಟ್ಟೆ ಕಟ್ಟಿ ಅಜ್ಜಾರ ಚಾಪೆಯ ಪಕ್ಕ ಇಟ್ಟ. ಒಂದು ಕಡೆ ಸೀಸೆ, ಒಂದು ಕಡೆ ಗುರು. ಗುರುವಿನ ತುಟಿಗೆ ಕುದಿಸಿದ ನೀರನ್ನು ಹನಿಹನಿಯಾಗಿ ಹಾಕುತ್ತ, ನಡುವೆ ಅವನು ಕೂತ.

ಮರುದಿನ ಸೀಸೆ ಸುಮ್ಮನಿತ್ತು. ಓಣಿಯಿಂದ ಅಳುವ ಸದ್ದು ಬಂತು. ಯಾರ ಮನೆಯದೆಂದು ಅವನು ಲೆಕ್ಕ ಹಾಕಿದ.

ಅದರ ಮರುದಿನವೂ ಸುಮ್ಮನಿತ್ತು. ಇನ್ನೊಂದು ಚಮಚ ಹಾಕಲೇ ಎಂದು ಕೇಳಿದ. ಬೇಡ ಎಂದರು. ಬಿಸಿಲಿಗಿಡಲೇ ಎಂದ. ಬೇಡ ಎಂದರು. ಏನಾದರೂ ಮಾಡಲೇಬೇಕಲ್ಲ ಎಂದು ಅವನು ಅತ್ತುಬಿಟ್ಟ. ಅಜ್ಜಾರು ಅವನ ಮೊಣಕಾಲ ಮೇಲೆ ಕೈಯಿಟ್ಟರು. ಆ ಕೈಯಲ್ಲಿ ತೂಕವೇ ಉಳಿದಿರಲಿಲ್ಲ.

ಮೂರನೆಯ ಬೆಳಿಗ್ಗೆ ಸೀಸೆಯ ಗೋಡೆಗೆ ಅಂಟಿಕೊಂಡು ಒಂದು ಗುಳ್ಳೆ ನಿಂತಿತ್ತು. ಸಾಸಿವೆಗಿಂತ ಸಣ್ಣದು. ಅವನು ಬಗ್ಗಿ ನೋಡಿದ. ಅದು ಮೇಲೇರಿ ಒಡೆಯಿತು. ಅದರ ಹಿಂದೆ ಇನ್ನೊಂದು.

ಅವನು ಮೂಸಿ ನೋಡಿದ. ಹುಳಿಯಿಲ್ಲ. ಹೊಸ ರೊಟ್ಟಿಯ, ಮಾಗಿದ ಬಾಳೆಹಣ್ಣಿನ ವಾಸನೆ. ಸೀಸೆಯನ್ನು ಅಜ್ಜಾರ ಕಿವಿಗೆ ಹಿಡಿದ. ಅವರಿಗೆ ಕೈಯೆತ್ತಲು ಆಗುತ್ತಿರಲಿಲ್ಲ.

ಒಳಗೆ, ಮಳೆ ನಿಂತ ಮೇಲೆ ಮಣ್ಣು ನೀರು ಹೀರುವಂಥ ಸಣ್ಣ ಸದ್ದು.

ಅಜ್ಜಾರು ಕಿವಿಯನ್ನು ತೆಗೆಯಲಿಲ್ಲ.

ಕಲ್ಮೇಶ ಆಮೇಲೆ ಅವಸರ ಮಾಡಲಿಲ್ಲ. ಚಮಚದಿಂದ ಬಟ್ಟಲಿಗೆ, ಬಟ್ಟಲಿನಿಂದ ಚೆಂಬಿಗೆ, ಚೆಂಬಿನಿಂದ ಮಡಕೆಗೆ ಹೆಪ್ಪನ್ನು ಬೆಳೆಸಿದ. ಪ್ರತಿ ಸಲವೂ ಆರಿಸಿ, ಮುಂಗೈಗೆ ಬಿಟ್ಟುಕೊಂಡು, ಮೂಸಿ ನೋಡಿ ಹಾಕಿದ. ಸೋಸಲು ಇಟ್ಟಿದ್ದ ಇದ್ದಿಲನ್ನು ತೆಗೆದು ಒಲೆಗೆ ಹಾಕಿದ. ಮಡಕೆ ನೊರೆಯುಕ್ಕಿ ಬಾಯಿ ದಾಟಿದ ದಿನ ಹಂಡೆ ತುಂಬ ರಾಗಿ ಕುದಿಯಿತು. ಅಷ್ಟು ದಿನವೂ ಓಣಿಯಲ್ಲಿ ಜನ ಹೋಗುತ್ತಲೇ ಇದ್ದರು. ಹೆಪ್ಪು ಏಳುವ ವೇಗಕ್ಕೂ ಸಾವಿನ ವೇಗಕ್ಕೂ ಹೋಲಿಕೆಯಿಲ್ಲ.

ಮೊದಲ ಸೀಸೆ ತುಂಬಿದಾಗ ತಳದಲ್ಲಿ ಬೆರಳಿನಷ್ಟು ಗಸಿ ನಿಂತಿತು. ಅದನ್ನು ಹಿಡಿದು ಅವನು ಅಜ್ಜಾರ ಬಳಿ ಬಂದ. ಅವರ ಉಸಿರು ಬಿಟ್ಟು ಬಿಟ್ಟು ಬರುತ್ತಿತ್ತು. ಹೆಚ್ಚು ಹೊತ್ತಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

"ಅಜ್ಜಾರ, ಹೆಪ್ಪು ಬದುಕಿತು" ಎಂದ ಕಲ್ಮೇಶ. "ನನ್ನ ತಪ್ಪು ಮುಗೀತೇನ್ರಿ?"

ಅಜ್ಜಾರ ತುಟಿ ಅಲುಗಿತು. ಕೇಳಿಸಿಕೊಳ್ಳಲು ಅವನು ಬಗ್ಗಿದ.

"ಈ ಸೀಸಿ ಒಯ್ದು ಸತ್ಯವ್ವನ ಬಾಗಿಲಾಗ ಇಡು. ಹೊಸ್ತಿಲಾ ತುಳೀಬ್ಯಾಡ."

"ಅವಳು ಮುಟ್ಟದಿದ್ರ?"

"ನಾಳೆ ಹೋಗು. ಅದನ್ನ ಎತ್ತಿ, ಹೊಸಾದು ಇಡು."